ತಕ್ಕಡಿಗೆ ಸಿಕ್ಕಿದೆ, ಲೆಕ್ಕಕ್ಕೆ ಸಿಕ್ಕಿಲ್ಲ

ಜಗತ್ತನ್ನು ಕಟ್ಟಿರುವ ಮೂಲಕಣಗಳನ್ನು ವಿಜ್ಞಾನಿಗಳು ತೂಗಿ ನೋಡಿದ್ದಾರೆ. ಆದರೆ ಒಂದೊಂದರ ತೂಕವೂ ಅಷ್ಟೇ ಏಕೆ ಎಂಬುದಕ್ಕೆ ಉತ್ತರ ಇನ್ನೂ ದೊರೆತಿಲ್ಲ. ಕೋಲಾರದ ಚಿನ್ನದ ಗಣಿಯನ್ನೂ ಹಾದುಹೋಗಿರುವ ಈ ಹುಡುಕಾಟದ ಕಥೆ ಇಲ್ಲಿದೆ.

ನಿಮ್ಮ ಅಂಗೈಯನ್ನು ಒಮ್ಮೆ ಆಕಾಶಕ್ಕೆ ಒಡ್ಡಿ ಹಿಡಿಯಿರಿ. ಒಂದು, ಎರಡು, ಮೂರು ಎಂದು ನಿಧಾನವಾಗಿ ಎಣಿಸಿ. ನೀವು ಒಂದೊಂದು ಅಂಕಿ ಹೇಳುವಷ್ಟರಲ್ಲಿ ಹೆಚ್ಚುಕಡಿಮೆ ಒಂದೊಂದು ಕಣ ನಿಮ್ಮ ಅಂಗೈಯನ್ನು ತೂರಿಕೊಂಡು ನೆಲಕ್ಕಿಳಿದಿರುತ್ತದೆ. ನೋವಿಲ್ಲ, ಗಾಯವಿಲ್ಲ, ಅದು ಬಂದದ್ದೂ ಹೋದದ್ದೂ ನಿಮಗೆ ತಿಳಿಯುವುದಿಲ್ಲ. ಅದರ ಹೆಸರು ಮ್ಯೂಆನ್.

ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ನಮ್ಮ ವಾಯುಮಂಡಲದ ಮೇಲ್ಭಾಗಕ್ಕೆ ಬಡಿದಾಗ ಈ ಮ್ಯೂಆನ್‌ಗಳು ಹುಟ್ಟುತ್ತವೆ. 1936ರಲ್ಲಿ ಅಮೆರಿಕದ ಕಾರ್ಲ್ ಆಂಡರ್ಸನ್ ಮತ್ತು ಸೆತ್ ನೆಡರ್ಮಯರ್ ಇವನ್ನು ಪತ್ತೆ ಮಾಡಿದರು. ಪರಿಶೀಲಿಸಿದಷ್ಟೂ ಆಶ್ಚರ್ಯ ಹೆಚ್ಚಿತು. ಮ್ಯೂಆನ್ ಎಲ್ಲ ರೀತಿಯಲ್ಲೂ ಎಲೆಕ್ಟ್ರಾನಿನ ಪಡಿಯಚ್ಚು. ಅದೇ ವಿದ್ಯುದಾವೇಶ, ಅದೇ ಗುಣ, ಅದೇ ನಡತೆ. ಮುಖ್ಯ ವ್ಯತ್ಯಾಸ ಒಂದೇ: ತೂಕ. ಮ್ಯೂಆನ್ ಎಲೆಕ್ಟ್ರಾನಿಗಿಂತ 207 ಪಟ್ಟು ಭಾರ. ಆ ಭಾರದಿಂದಾಗಿಯೇ ಅದಕ್ಕೆ ಆಯುಸ್ಸು ಕಡಿಮೆ. ಸೆಕೆಂಡಿನ ಹತ್ತು ಲಕ್ಷದ ಎರಡು ಭಾಗದಷ್ಟು ಕಾಲ ಬದುಕಿ ಎಲೆಕ್ಟ್ರಾನಾಗಿ ಒಡೆದುಹೋಗುತ್ತದೆ.

ನಾವು ಉಣ್ಣುವ ಅನ್ನದಲ್ಲಾಗಲಿ, ಕುಡಿಯುವ ನೀರಿನಲ್ಲಾಗಲಿ, ನಮ್ಮ ಮೈಯಲ್ಲಾಗಲಿ ಮ್ಯೂಆನ್ ಇಲ್ಲ. ಹಾಗಿದ್ದರೆ ಪ್ರಕೃತಿಗೆ ಇದೇಕೆ ಬೇಕಾಯಿತು? ಹೋಟೆಲಿನಲ್ಲಿ ಕೇಳದ ತಿಂಡಿ ಮೇಜಿಗೆ ಬಂದಾಗ ನಾವು ಕೇಳುವಂತೆ, 'ಇದನ್ನು ಆರ್ಡರ್ ಮಾಡಿದವರು ಯಾರು?' ಎಂದು ಭೌತವಿಜ್ಞಾನಿ ಐಸಿಡೋರ್ ರಾಬಿ ಕೇಳಿದ್ದು ಪ್ರಸಿದ್ಧವಾಗಿದೆ. ಆ ಪ್ರಶ್ನೆಗೆ ಇಂದಿಗೂ ಉತ್ತರವಿಲ್ಲ.

ಮ್ಯೂಆನ್‌ಗಳ ಜಾಡು ಹಿಡಿದು 1951ರಲ್ಲಿ ಒಬ್ಬ ಯುವಕ ಕೋಲಾರದ ಚಿನ್ನದ ಗಣಿಗೆ ಇಳಿದರು. ಹೋಮಿ ಭಾಭಾ ಅವರ ಸಂಸ್ಥೆಯಿಂದ ಬಂದಿದ್ದ ಬಿ.ವಿ. ಶ್ರೀಕಂಠನ್ ಅವರು ನಂಜನಗೂಡಿನ ಕಡೆಯವರು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು. ನೆಲದಡಿ ಎಷ್ಟು ಆಳದವರೆಗೆ ಮ್ಯೂಆನ್‌ಗಳು ತೂರಿ ಬರುತ್ತವೆ ಎಂದು ಅಳೆಯುವುದು ಅವರ ಕೆಲಸ. ಚಿನ್ನ ಅಗೆಯುವವರ ಪಕ್ಕದಲ್ಲೇ ಕಣ ಎಣಿಸುವವರ ಕೆಲಸವೂ ಶುರುವಾಯಿತು. ಆ ಗಣಿ ನಮ್ಮ ಕಥೆಯಲ್ಲಿ ಮುಂದೆ ಮತ್ತೆರಡು ಸಲ ಬರುತ್ತದೆ.

ಸೀಟು ಬಿಟ್ಟುಕೊಡದ ಕಣಗಳು

ಜಗತ್ತಿನ ಮೂಲಕಣಗಳಲ್ಲಿ ಎರಡು ಪಂಗಡ. ಒಂದು ಬೋಸಾನ್, ನಮ್ಮ ಸತ್ಯೇಂದ್ರನಾಥ ಬೋಸರ ಹೆಸರಿನದು. ಇನ್ನೊಂದು ಫರ್ಮಿಯಾನ್, ಇಟಲಿಯ ಎನ್ರಿಕೊ ಫರ್ಮಿಯ ಹೆಸರಿನದು. ಬೋಸಾನ್‌ಗಳು ಹಬ್ಬದ ದಿನದ ಬಸ್ಸಿನ ಪ್ರಯಾಣಿಕರಂತೆ. ಒಂದೇ ಸೀಟಿನಲ್ಲಿ ಎಷ್ಟು ಜನ ಬೇಕಾದರೂ ಹೊಂದಿಕೊಂಡಾರು. ಫರ್ಮಿಯಾನ್‌ಗಳದು ರಿಸರ್ವೇಶನ್ ಶಿಸ್ತು. ಒಂದು ಸೀಟಿಗೆ ಒಂದೇ ಕಣ. ಈ ಶಿಸ್ತಿನಿಂದಾಗಿಯೇ ಪರಮಾಣುಗಳು ಒಂದರೊಳಗೊಂದು ಕುಸಿಯದೆ ನಿಂತಿವೆ. ಕಲ್ಲು ಗಟ್ಟಿಯಾಗಿರುವುದು, ಕುರ್ಚಿ ನಮ್ಮನ್ನು ಹೊರುವುದು ಫರ್ಮಿಯಾನ್‌ಗಳ ಈ ಹಟದಿಂದಾಗಿ.

ನಮಗೆ ಈವರೆಗೆ ತಿಳಿದಿರುವ ಮೂಲ ಫರ್ಮಿಯಾನ್‌ಗಳು ಹನ್ನೆರಡು. ಅವು ಮೂರು ತಲೆಮಾರುಗಳಾಗಿ ನಿಂತಿವೆ. ಮೊದಲ ತಲೆಮಾರಿನಲ್ಲಿ ಅಪ್ ಮತ್ತು ಡೌನ್ ಎಂಬ ಎರಡು ಕ್ವಾರ್ಕ್‌ಗಳು, ಎಲೆಕ್ಟ್ರಾನ್ ಮತ್ತು ಅದರ ಜೊತೆಗಾರ ನ್ಯೂಟ್ರಿನೊ. ಎರಡು ಅಪ್, ಒಂದು ಡೌನ್ ಸೇರಿದರೆ ಪ್ರೋಟಾನ್. ಎರಡು ಡೌನ್, ಒಂದು ಅಪ್ ಸೇರಿದರೆ ನ್ಯೂಟ್ರಾನ್. ಅದರ ಸುತ್ತ ಎಲೆಕ್ಟ್ರಾನ್ ಇಟ್ಟರೆ ಪರಮಾಣು. ಕಾವೇರಿಯ ನೀರು, ನಂದಿಬೆಟ್ಟದ ಬಂಡೆ, ಈ ಪತ್ರಿಕೆಯ ಕಾಗದ ಎಲ್ಲಕ್ಕೂ ಈ ಮೊದಲ ತಲೆಮಾರೊಂದೇ ಸಾಕು.

ಆದರೂ ಪ್ರಕೃತಿ ಅದೇ ಸಂಸಾರವನ್ನು ಇನ್ನೆರಡು ಸಲ ಮಾಡಿದೆ. ಎರಡನೆಯದರಲ್ಲಿ ಚಾರ್ಮ್, ಸ್ಟ್ರೇಂಜ್, ಮ್ಯೂಆನ್ ಮತ್ತು ಅದರ ನ್ಯೂಟ್ರಿನೊ. ಮೂರನೆಯದರಲ್ಲಿ ಟಾಪ್, ಬಾಟಮ್, ಟೌ ಮತ್ತು ಅದರ ನ್ಯೂಟ್ರಿನೊ. ಗುಣ ಅದೇ, ತೂಕ ಮಾತ್ರ ಬೇರೆ.

ದಿನಸಿ ಅಂಗಡಿಯ ತಕ್ಕಡಿ

ಶಾಸ್ತ್ರದ ಶಿಸ್ತಿನಲ್ಲಿ ಇಲ್ಲಿ 'ದ್ರವ್ಯರಾಶಿ' ಎನ್ನಬೇಕು. ಮಾತಿನ ಸೌಲಭ್ಯಕ್ಕಾಗಿ ತೂಕ ಎಂದೇ ಹೇಳೋಣ. ಎಲೆಕ್ಟ್ರಾನಿನ ನಿಜವಾದ ತೂಕ ಎಷ್ಟು ಕಡಿಮೆಯೆಂದರೆ ಅದನ್ನು ಕಿಲೋಗ್ರಾಮಿನಲ್ಲಿ ಬರೆಯಲು ದಶಾಂಶ ಬಿಂದುವಿನ ನಂತರ ಮೂವತ್ತು ಸೊನ್ನೆ ಹಾಕಬೇಕು. ಅದರ ಬದಲು ಒಂದು ಆಟ ಆಡೋಣ. ಎಲೆಕ್ಟ್ರಾನ್ ಒಂದು ಗ್ರಾಂ ತೂಗುತ್ತದೆ ಎಂದಿಟ್ಟುಕೊಂಡು ಉಳಿದವನ್ನು ದಿನಸಿ ಅಂಗಡಿಯ ತಕ್ಕಡಿಗೆ ಹಾಕೋಣ.

ಅಪ್ ಕ್ವಾರ್ಕ್ ಸುಮಾರು 4 ಗ್ರಾಂ, ಡೌನ್ 9 ಗ್ರಾಂ. ಇಲ್ಲಿಯವರೆಗೆ ಸರಿಯೇ. ಮ್ಯೂಆನ್ 207 ಗ್ರಾಂ, ಸ್ಟ್ರೇಂಜ್ 180 ಗ್ರಾಂ. ಚಾರ್ಮ್ ಎರಡೂವರೆ ಕಿಲೋ. ಟೌ ಮೂರೂವರೆ ಕಿಲೋ. ಬಾಟಮ್ ಎಂಟು ಕಿಲೋ. ಟಾಪ್ ಕ್ವಾರ್ಕನ್ನು ಇಟ್ಟೊಡನೆ ತಕ್ಕಡಿಯೇ ಮುರಿಯುತ್ತದೆ. ಅದು 338 ಕಿಲೋ, ಅಂದರೆ ಮೂರು ಕ್ವಿಂಟಲಿಗೂ ಮಿಕ್ಕಿದ್ದು! ಇನ್ನು ನ್ಯೂಟ್ರಿನೊ? ಅದು ಒಂದು ಗ್ರಾಮಿನ ಹತ್ತು ಲಕ್ಷದ ಒಂದು ಪಾಲಿಗಿಂತಲೂ ಕಡಿಮೆ. ಜರ್ಮನಿಯ ಕಾರ್ಲ್‌ಸ್ರೂಹೆ ನಗರದ ಪ್ರಯೋಗವೊಂದು 2025ರಲ್ಲಿ ಪ್ರಕಟಿಸಿದ ಅಳತೆ ಇದನ್ನು ಹೇಳುತ್ತದೆ.

1995ರಲ್ಲಿ ಅಮೆರಿಕದ ಫರ್ಮಿಲ್ಯಾಬ್‌ನಲ್ಲಿ ಟಾಪ್ ಕ್ವಾರ್ಕ್ ಸಿಕ್ಕಾಗ ವಿಜ್ಞಾನಿಗಳೇ ಬೆರಗಾದರು. ಕೋಲಾರದ ಚಿನ್ನದ ಒಂದು ಪರಮಾಣುವಿನಲ್ಲಿ 79 ಪ್ರೋಟಾನ್, 118 ನ್ಯೂಟ್ರಾನ್ ಇರುತ್ತವೆ. ಆ ಇಡೀ ಪರಮಾಣುವಿನ ತೂಕದ ಶೇಕಡಾ 94ರಷ್ಟನ್ನು ಒಂದೇ ಒಂದು ಟಾಪ್ ಕ್ವಾರ್ಕ್ ತೂಗುತ್ತದೆ. ನಮಗೆ ತಿಳಿದಂತೆ ಅದರೊಳಗೆ ಬೇರೆ ಬಿಡಿಭಾಗಗಳೂ ಇಲ್ಲ.

ಒಂದೇ ಮಳೆ, ಬೇರೆ ಬೇರೆ ಬಟ್ಟೆ

'2012ರಲ್ಲಿ ಹಿಗ್ಸ್ ಬೋಸಾನ್ ಸಿಕ್ಕಿತಲ್ಲ, ತೂಕದ ಗುಟ್ಟು ಆಗಲೇ ಬಯಲಾಗಲಿಲ್ಲವೇ?' ಎಂದು ಜಾಣ ವಿದ್ಯಾರ್ಥಿಗಳು ಕೇಳಬಹುದು. ಒಳ್ಳೆಯ ಪ್ರಶ್ನೆ. ಉತ್ತರ: ಅರ್ಧ ಮಾತ್ರ.

ಜಿಟಿಜಿಟಿ ಮಳೆ ಎಲ್ಲೆಡೆ ಒಂದೇ ಸಮನೆ ಸುರಿಯುತ್ತಿದೆ ಎಂದುಕೊಳ್ಳಿ. ಹೊರಗೆ ಹರಡಿದ ರೇಷ್ಮೆಯ ಕರವಸ್ತ್ರ ಒಂದಿಷ್ಟೇ ನೀರು ಕುಡಿಯುತ್ತದೆ. ಹತ್ತಿಯ ಪಂಚೆ ಇನ್ನಷ್ಟು ಕುಡಿಯುತ್ತದೆ. ಕುರಿಗಾಹಿಯ ಕಂಬಳಿ ನೆನೆದು ಎತ್ತಲಾಗದಷ್ಟು ಭಾರವಾಗುತ್ತದೆ. ಕೆಸುವಿನ ಎಲೆಯ ಮೇಲೆ ಬಿದ್ದ ನೀರು ಮಾತ್ರ ಹಾಗೇ ಜಾರಿಹೋಗುತ್ತದೆ. 1964ರಲ್ಲಿ ಪೀಟರ್ ಹಿಗ್ಸ್, ಫ್ರಾಂಸ್ವಾ ಆಂಗ್ಲೇರ್, ರಾಬರ್ಟ್ ಬ್ರೌಟ್ ಮೊದಲಾದವರು ಸೂಚಿಸಿದ ಕ್ಷೇತ್ರ ಈ ಮಳೆಯಂತೆ. ವಿಶ್ವದ ಮೂಲೆಮೂಲೆಯಲ್ಲೂ ಒಂದೇ ಸಮನಾಗಿದೆ. ಬೆಳಕಿನ ಕಣ ಕೆಸುವಿನ ಎಲೆ. ಅದಕ್ಕೆ ತೂಕವಿಲ್ಲ. ಎಲೆಕ್ಟ್ರಾನ್ ರೇಷ್ಮೆ, ಟಾಪ್ ಕ್ವಾರ್ಕ್ ಕಂಬಳಿ.

ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯ 2012ರ ಜುಲೈ 4ರಂದು ಈ ಮಳೆ ನಿಜವೆಂದು ಸಾರಿತು. 2018ರಲ್ಲಿ ಟಾಪ್ ಮತ್ತು ಬಾಟಮ್ ಕ್ವಾರ್ಕ್‌ಗಳು ತಮ್ಮ ತೂಕಕ್ಕೆ ತಕ್ಕಂತೆಯೇ ಹಿಗ್ಸ್ ಕಣದೊಡನೆ ವ್ಯವಹರಿಸುತ್ತವೆ ಎಂಬುದೂ ಖಚಿತವಾಯಿತು. ಆದರೆ ಯಾವ ಬಟ್ಟೆ ಎಷ್ಟು ನೀರು ಕುಡಿಯಬೇಕು ಎಂದು ಗೊತ್ತುಮಾಡಿದವರು ಯಾರು? ಟಾಪ್ ಕ್ವಾರ್ಕಿನ 'ದಾಹ' ಸುಮಾರು 1. ಎಲೆಕ್ಟ್ರಾನಿನದು ಹತ್ತು ಲಕ್ಷದಲ್ಲಿ ಮೂರು ಪಾಲು. ಹಿಗ್ಸ್ ಸಿದ್ಧಾಂತ ಈ ಅಂಕಿಗಳನ್ನು ಹೇಳುವುದಿಲ್ಲ. ನಾವೇ ಅಳೆದು ಅದರೊಳಗೆ ತುಂಬಬೇಕು.

ಸ್ಟ್ಯಾಂಡರ್ಡ್ ಮಾಡೆಲ್ ಎಂದು ಕರೆಯಲಾಗುವ ಈಗಿನ ಶಿಷ್ಟ ಸಿದ್ಧಾಂತಕ್ಕೆ ಇಂಥ 19 ಅಂಕಿಗಳನ್ನು ಹೊರಗಿನಿಂದ ಒದಗಿಸಬೇಕು. ಅವುಗಳಲ್ಲಿ 13 ಫರ್ಮಿಯಾನ್‌ಗಳಿಗೇ ಸೇರಿದವು: ಒಂಬತ್ತು ತೂಕಗಳು, ಮತ್ತು ಕ್ವಾರ್ಕ್‌ಗಳು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಜಾರುವ ಪ್ರಮಾಣವನ್ನು ತಿಳಿಸುವ ನಾಲ್ಕು. ನ್ಯೂಟ್ರಿನೊಗಳ ಲೆಕ್ಕ ಇದರಲ್ಲಿ ಸೇರಿಲ್ಲ. ಪರೀಕ್ಷೆಯಲ್ಲಿ ಉತ್ತರಗಳನ್ನು ಪುಸ್ತಕದ ಕೊನೆಯ ಪುಟದಿಂದ ನಕಲು ಮಾಡಿ, ಮಧ್ಯದ ಹಂತಗಳನ್ನು ಖಾಲಿ ಬಿಟ್ಟಂತೆ ಇದು. ಮೇಷ್ಟರು ಅಂಕ ಕೊಡುತ್ತಾರೆಯೇ?

ಕೂದಲೆಳೆಯ ಅಂತರ

ಯಾವುದೋ ಕಣ ಎಷ್ಟು ತೂಗಿದರೆ ನಮಗೇನು ಎನ್ನುವಂತಿಲ್ಲ. ನಾವು ಇರುವುದೇ ಈ ಅಂಕಿಗಳ ದಯೆಯಿಂದ.

ಡೌನ್ ಕ್ವಾರ್ಕ್ ಅಪ್‌ಗಿಂತ ಒಂದಿಷ್ಟು ಭಾರ. ಹೀಗಾಗಿ ನ್ಯೂಟ್ರಾನ್ ಪ್ರೋಟಾನಿಗಿಂತ ಸ್ವಲ್ಪ ಭಾರ. ಎಷ್ಟು? ಸಾವಿರದಲ್ಲಿ ಒಂದೂವರೆ ಪಾಲು ಕೂಡ ಇಲ್ಲ. ಭಾರವಾದದ್ದು ಒಡೆದು ಹಗುರವಾದದ್ದಾಗುವುದು ಪ್ರಕೃತಿಯ ನಿಯಮ. ಆದ್ದರಿಂದ ಒಂಟಿ ನ್ಯೂಟ್ರಾನ್ ಸರಾಸರಿ ಹದಿನೈದು ನಿಮಿಷದೊಳಗೆ ಒಡೆದು ಪ್ರೋಟಾನಾಗುತ್ತದೆ. ಪ್ರೋಟಾನ್ ಒಡೆಯದೆ ಉಳಿಯುತ್ತದೆ.

ಈಗ ಅಂಕಿಗಳನ್ನು ಅದಲುಬದಲು ಮಾಡಿ. ಅಪ್ ಕ್ವಾರ್ಕ್ ಡೌನ್‌ಗಿಂತ ಭಾರವಾಗಿದ್ದರೆ ಪ್ರೋಟಾನ್ ಒಡೆದು ನ್ಯೂಟ್ರಾನಾಗುತ್ತಿತ್ತು. ಜಲಜನಕದ ಪರಮಾಣುವಿನ ಕೇಂದ್ರದಲ್ಲಿರುವುದು ಒಂದೇ ಪ್ರೋಟಾನ್. ಅದು ಹೋದರೆ ಜಲಜನಕವಿಲ್ಲ, ನೀರಿಲ್ಲ, ಸೂರ್ಯನಿಗೆ ಉರಿಯಲು ಇಂಧನವಿಲ್ಲ. ಎಲೆಕ್ಟ್ರಾನಿನ ತೂಕವನ್ನೇ ಈಗಿರುವುದರ ಎರಡೂವರೆ ಪಟ್ಟಿಗಿಂತ ಹೆಚ್ಚಿಸಿದರೂ ಇದೇ ಗತಿ. ಪ್ರೋಟಾನ್ ತನ್ನ ಎಲೆಕ್ಟ್ರಾನನ್ನು ನುಂಗಿ ನ್ಯೂಟ್ರಾನಾಗಿಬಿಡುತ್ತಿತ್ತು. ಮ್ಯೂಆನ್ 207 ಪಟ್ಟು ಭಾರವಿದೆ, ಎಲೆಕ್ಟ್ರಾನಿಗೆ ಎರಡೂವರೆ ಪಟ್ಟಿನ ಸಲುಗೆಯೂ ಇಲ್ಲ!

ಇಲ್ಲೊಂದು ತಪ್ಪು ತಿಳಿವಳಿಕೆಯನ್ನೂ ಸರಿಪಡಿಸಬೇಕು. ನಮ್ಮ ಮೈತೂಕವೆಲ್ಲ ಹಿಗ್ಸ್ ಕ್ಷೇತ್ರದ ಕೊಡುಗೆಯಲ್ಲ. ಪ್ರೋಟಾನಿನೊಳಗಿನ ಮೂರು ಕ್ವಾರ್ಕ್‌ಗಳ ತೂಕ ಕೂಡಿಸಿದರೆ ಪ್ರೋಟಾನಿನ ತೂಕದ ಶೇಕಡಾ ಒಂದರಷ್ಟು ಮಾತ್ರ. ಉಳಿದ 99 ಪಾಲು, ಕ್ವಾರ್ಕ್‌ಗಳನ್ನು ಬಂಧಿಸಿಟ್ಟಿರುವ ಪ್ರಬಲ ಬಲದ ಶಕ್ತಿ. ಐನ್‌ಸ್ಟೈನರ ಸೂತ್ರದಂತೆ ಆ ಶಕ್ತಿಯೇ ತೂಕವಾಗಿ ತೋರುತ್ತದೆ. ಆದರೆ ನಾವು ಉಳಿಯುವುದು ಅಳಿಯುವುದು ಆ ಉಳಿದ ಒಂದು ಪಾಲಿನ ಮೇಲೆ ನಿಂತಿದೆ.

ಲೆಕ್ಕದ ಮೇಷ್ಟರ ಸೂತ್ರ

ಅಂಕಿಗಳ ಪಟ್ಟಿ ಕೈಗೆ ಬಂದಾಗ ಮನುಷ್ಯನ ಬುದ್ಧಿ ಅದರಲ್ಲಿ ಒಂದು ಕ್ರಮವನ್ನು ಹುಡುಕುತ್ತದೆ. ಈ ಹುಡುಕಾಟದ ಎರಡು ಹಳೆಯ ಕಥೆಗಳು ವಿದ್ಯಾರ್ಥಿಗಳಿಗೆ ಗೊತ್ತಿರಬೇಕು.

ಹದಿನೆಂಟನೆಯ ಶತಮಾನದಲ್ಲಿ ಟಿಟಿಯಸ್ ಮತ್ತು ಬೋಡೆ ಎಂಬ ಜರ್ಮನ್ನರು ಗ್ರಹಗಳ ದೂರಕ್ಕೆ ಒಂದು ಸರಳ ಸೂತ್ರ ಕೊಟ್ಟರು. 1781ರಲ್ಲಿ ಯುರೇನಸ್ ಸಿಕ್ಕಿತು, ಸೂತ್ರಕ್ಕೆ ಸರಿಹೊಂದಿತು. 1801ರಲ್ಲಿ ಸಿರಿಸ್ ಸಿಕ್ಕಿತು, ಅದೂ ಹೊಂದಿತು. ಎಲ್ಲರೂ ತಲೆದೂಗಿದರು. 1846ರಲ್ಲಿ ನೆಪ್ಚೂನ್ ಸಿಕ್ಕಾಗ ಸೂತ್ರ ಮುಗ್ಗರಿಸಿತು. ಅದರ ಹಿಂದೆ ಯಾವ ನಿಯಮವೂ ಇದ್ದಿರಲಿಲ್ಲ.

ಇನ್ನೊಂದು ಕಥೆ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ್ದು. ಅಲ್ಲಿ ಹೆಣ್ಣುಮಕ್ಕಳ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದ ಯೋಹಾನ್ ಬಾಮರ್, 1885ರಲ್ಲಿ ತಮ್ಮ ಅರವತ್ತನೆಯ ವಯಸ್ಸಿನಲ್ಲಿ, ಜಲಜನಕ ಸೂಸುವ ನಾಲ್ಕು ಬಣ್ಣದ ಗೆರೆಗಳ ಅಳತೆಗೆ ಒಂದು ಸೂತ್ರ ಕಂಡುಹಿಡಿದರು. ಏಕೆ ಹಾಗೆ ಎಂದು ಅವರಿಗೂ ಗೊತ್ತಿರಲಿಲ್ಲ. 28 ವರ್ಷಗಳ ನಂತರ, 1913ರಲ್ಲಿ, ನೀಲ್ಸ್ ಬೋರ್ ಅದೇ ಸೂತ್ರದ ಹಿಂದಿದ್ದ ಪರಮಾಣುವಿನ ರಚನೆಯನ್ನು ತೆರೆದು ತೋರಿಸಿದರು. ಶಾಲಾ ಮೇಷ್ಟರ ಲೆಕ್ಕ ಹೊಸ ಭೌತವಿಜ್ಞಾನದ ಬಾಗಿಲಾಯಿತು.

ಫರ್ಮಿಯಾನ್‌ಗಳ ಪಟ್ಟಿಯಲ್ಲೂ ಅಂಥದೊಂದು ಸೂತ್ರ ಇದೆ. 1980ರ ದಶಕದ ಆರಂಭದಲ್ಲಿ ಜಪಾನಿನ ಯೋಶಿಯೊ ಕೊಯಿಡೆ ಅದನ್ನು ಮುಂದಿಟ್ಟರು. ಎಲೆಕ್ಟ್ರಾನ್, ಮ್ಯೂಆನ್, ಟೌಗಳ ತೂಕವನ್ನು ಕೂಡಿಸಿ. ನಂತರ ಮೂರರ ವರ್ಗಮೂಲಗಳನ್ನು ಕೂಡಿಸಿ, ಮೊತ್ತವನ್ನು ವರ್ಗ ಮಾಡಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಮೂರನೇ ಎರಡು ಬರಬೇಕು ಎಂದರು. ಆಗಿನ ಅಳತೆಯಲ್ಲಿ ಟೌ ತೂಕ 1784 ಎಂದಿತ್ತು. ಸೂತ್ರ ಸರಿಯಾಗಬೇಕಾದರೆ ಅದು 1777 ಇರಬೇಕಿತ್ತು. 1992ರಲ್ಲಿ ಬೀಜಿಂಗ್‌ನ ಪ್ರಯೋಗವೊಂದು ಟೌವನ್ನು ಹೊಸದಾಗಿ ಅಳೆಯಿತು. ಹಳೆಯ ಅಳತೆಯೇ ತಪ್ಪಾಗಿತ್ತು. ಹೊಸ ಅಂಕಿ 1776.9!

ಹಾಗಾದರೆ ಕೊಯಿಡೆ ನಮ್ಮ ಕಾಲದ ಬಾಮರರೇ, ಇಲ್ಲ ಬೋಡೆಯೇ? ಸೂತ್ರದ ಹಿಂದಿನ ಕಾರಣ ಸಿಗುವವರೆಗೆ ಹೇಳಲಾಗದು. ಲೆಕ್ಕ ತಾಳೆಯಾದರೆ ಸಾಲದು, ಏಕೆ ತಾಳೆಯಾಯಿತೆಂದು ತಿಳಿಯಬೇಕು.

ಕಾಲುವೆಯ ಕೊನೆಯ ಗದ್ದೆ

ಕಾರಣವನ್ನೇ ಹುಡುಕಿ ಹೊರಟವರಲ್ಲಿ ಕಾಲಿನ್ ಫ್ರಾಗಟ್ ಮತ್ತು ಹೋಲ್ಗರ್ ನೀಲ್ಸನ್ ಮುಖ್ಯರು. 1979ರಲ್ಲಿ ಅವರು ಸೂಚಿಸಿದ ಯೋಚನೆಯನ್ನು ನಮ್ಮ ನೀರಾವರಿ ಕಾಲುವೆಯ ಉದಾಹರಣೆಯಿಂದ ತಿಳಿಯಬಹುದು. ಕಾಲುವೆಯ ತಲೆಯಲ್ಲಿರುವ ಗದ್ದೆಗೆ ನೀರು ಪೂರ್ತಿ ಸಿಗುತ್ತದೆ. ಮುಂದಿನ ಪ್ರತಿಯೊಂದು ತೂಬೂ ಬಂದ ನೀರಿನಲ್ಲಿ ಐದನೇ ಒಂದು ಪಾಲನ್ನಷ್ಟೇ ಮುಂದಕ್ಕೆ ಬಿಡುತ್ತದೆ ಎನ್ನಿ. ಎರಡು ತೂಬು ದಾಟಿದರೆ 25ರಲ್ಲಿ ಒಂದು ಪಾಲು, ಮೂರು ದಾಟಿದರೆ 125ರಲ್ಲಿ ಒಂದು. ಕೊನೆಯ ಗದ್ದೆಗೆ ನೀರು ಬರುವುದೇ ಅಪರೂಪ.

ಈಗ ಪಟ್ಟಿ ನೋಡಿ. ಟಾಪ್ ಕ್ವಾರ್ಕ್ ತಲೆಯಲ್ಲಿರುವ ಗದ್ದೆ. ಚಾರ್ಮ್ ಅದಕ್ಕಿಂತ ಸುಮಾರು 136 ಪಟ್ಟು ಹಗುರ, ಅಂದರೆ ಮೂರು ತೂಬಿನ ಆಚೆ. ಅಪ್ ಕ್ವಾರ್ಕ್ ಸುಮಾರು 78 ಸಾವಿರ ಪಟ್ಟು ಹಗುರ, ಏಳು ತೂಬಿನ ಆಚೆ. ಎಲೆಕ್ಟ್ರಾನ್ 3 ಲಕ್ಷ 38 ಸಾವಿರ ಪಟ್ಟು ಹಗುರ, ಹತ್ತಿರ ಹತ್ತಿರ ಎಂಟು ತೂಬಿನ ಆಚೆ. ಭಯಹುಟ್ಟಿಸುವ ಅಂಕಿಗಳೆಲ್ಲ 3, 7, 8 ಎಂಬ ಪುಟ್ಟ ಸಂಖ್ಯೆಗಳಾದವು. ಪ್ರತಿ ಕಣಕ್ಕೂ ನಮಗಿನ್ನೂ ಕಾಣದ ಒಂದು ಗುಪ್ತ ಆವೇಶವಿದೆ, ತೂಬಿನ ಸಂಖ್ಯೆಯನ್ನು ಅದು ನಿರ್ಧರಿಸುತ್ತದೆ ಎಂಬುದು ಈ ಮಾದರಿಯ ತಿರುಳು.

ಚೆನ್ನಾಗಿದೆ. ಆದರೆ ತೂಬುಗಳ ಸಂಖ್ಯೆಯನ್ನು ಆರಿಸಿಕೊಂಡವರು ನಾವೇ ಅಲ್ಲವೇ? ಆದ್ದರಿಂದ ಈ ಮಾದರಿಗೆ ಬೇರೆ ಸಾಕ್ಷಿ ಬೇಕು. ಇಂಥ ಅನೇಕ ಮಾದರಿಗಳ ಪ್ರಕಾರ ಮ್ಯೂಆನ್ ಎಂದಾದರೊಮ್ಮೆ ನ್ಯೂಟ್ರಿನೊಗಳನ್ನು ಬಿಡದೆ, ಬರಿಯ ಎಲೆಕ್ಟ್ರಾನ್ ಮತ್ತು ಬೆಳಕಾಗಿ ಒಡೆಯಬೇಕು. ಸ್ವಿಟ್ಜರ್ಲೆಂಡಿನಲ್ಲಿ ಇದಕ್ಕಾಗಿ ವರ್ಷಗಟ್ಟಲೆ ಕಾದಿದ್ದಾರೆ. ಒಂದು ಲಕ್ಷ ಕೋಟಿ ಮ್ಯೂಆನ್‌ಗಳಲ್ಲಿ ಒಂದು ಕೂಡ ಹಾಗೆ ಒಡೆಯುವುದಿಲ್ಲ ಎಂಬಷ್ಟರ ಮಟ್ಟಿಗೆ ಈಗ ಖಚಿತವಾಗಿದೆ.

ಒಂದೇ ಮನೆಯ ದಾಯಾದಿಗಳು

ಇನ್ನೊಂದು ದಾರಿ ಕ್ವಾರ್ಕ್‌ಗಳನ್ನೂ ಎಲೆಕ್ಟ್ರಾನಿನ ಬಳಗವನ್ನೂ ಒಂದೇ ಮನೆತನಕ್ಕೆ ಸೇರಿಸುವುದು. ಒಡಿಶಾದಲ್ಲಿ ಹುಟ್ಟಿದ ಜೋಗೇಶ್ ಪತಿ, ಪಾಕಿಸ್ತಾನದ ಅಬ್ದುಸ್ ಸಲಾಂ ಅವರೊಡನೆ ಸೇರಿ ಈ ದಾರಿಯನ್ನು ತೋರಿದರು. 1974ರಲ್ಲಿ ಅಮೆರಿಕದ ಹೊವಾರ್ಡ್ ಜಾರ್ಜೈ ಮತ್ತು ಶೆಲ್ಡನ್ ಗ್ಲಾಶೊ 'ಎಸ್‌ಯು (5)' ಎಂಬ ಮಹಾ ಏಕೀಕರಣ ಸಿದ್ಧಾಂತವನ್ನು ಮಂಡಿಸಿದರು.

ಒಂದೇ ಮನೆಯವರಾದ ಮೇಲೆ ತೂಕದಲ್ಲೂ ಹೋಲಿಕೆ ಇರಬೇಕಲ್ಲ? ವಿಶ್ವದ ಆರಂಭದಲ್ಲಿದ್ದಂಥ ಅಗಾಧ ಶಕ್ತಿಯ ಸ್ಥಿತಿಯಲ್ಲಿ ಬಾಟಮ್ ಮತ್ತು ಟೌ ಸಮತೂಕ ಎನ್ನುತ್ತದೆ ಈ ಸಿದ್ಧಾಂತ. ಶಕ್ತಿ ಇಳಿದಂತೆ ಪ್ರಬಲ ಬಲದ ಪ್ರಭಾವದಿಂದ ಕ್ವಾರ್ಕ್ ಮಾತ್ರ ಎರಡೂವರೆ ಮೂರು ಪಟ್ಟು ಭಾರವಾಗುತ್ತದೆ. ನಮ್ಮ ತಕ್ಕಡಿಯಲ್ಲಿ ಟೌ ಮೂರೂವರೆ ಕಿಲೋ, ಬಾಟಮ್ ಎಂಟು ಕಿಲೋ. ಭಲೆ, ಸರಿಹೋಯಿತು!

ಆದರೆ ಉಳಿದ ಎರಡು ತಲೆಮಾರಿನಲ್ಲಿ ಲೆಕ್ಕ ಕೈಕೊಟ್ಟಿತು. ಸ್ಟ್ರೇಂಜ್ ಇರಬೇಕಾದುದಕ್ಕಿಂತ ಮೂರು ಪಟ್ಟು ಹಗುರ, ಡೌನ್ ಇರಬೇಕಾದುದಕ್ಕಿಂತ ಮೂರು ಪಟ್ಟು ಭಾರ. 1979ರಲ್ಲಿ ಜಾರ್ಜೈ ಮತ್ತು ಸ್ವೀಡನ್ನಿನ ವಿಜ್ಞಾನಿ ಸಿಸೀಲಿಯಾ ಯಾರ್ಲ್‌ಸ್ಕೊಗ್ ಈ 'ಮೂರು' ಎಲ್ಲಿಂದ ಬಂತೆಂದು ಯೋಚಿಸಿದರು. ಪ್ರತಿ ಕ್ವಾರ್ಕಿಗೂ ಮೂರು 'ಬಣ್ಣ'ಗಳಿವೆ ಎನ್ನುವುದು ಆಗಲೇ ತಿಳಿದಿತ್ತು. ಹಿಗ್ಸ್ ಕ್ಷೇತ್ರದ ಬಳಗವನ್ನು ಸ್ವಲ್ಪ ಹಿಗ್ಗಿಸಿದರೆ ಅದೇ ಮೂರು, ತೂಕದ ಲೆಕ್ಕಕ್ಕೂ ತಾನಾಗಿ ಬರುತ್ತದೆ ಎಂದು ತೋರಿಸಿದರು.

ಮನೆತನ ಒಂದಾದರೆ ಒಂದು ಅಪಾಯವೂ ಉಂಟು. ಕ್ವಾರ್ಕ್ ಎಲೆಕ್ಟ್ರಾನಿನ ಬಳಗಕ್ಕೆ ಬದಲಾಗಬಹುದು. ಅಂದರೆ ಅಮರವೆಂದುಕೊಂಡಿದ್ದ ಪ್ರೋಟಾನ್ ಕೂಡ ಒಂದು ದಿನ ಒಡೆಯಬಹುದು. ಅದನ್ನು ನೋಡಲು ವಿಜ್ಞಾನಿಗಳು ಬಂದದ್ದು ಮತ್ತೆ ಕೋಲಾರಕ್ಕೆ. 1980ರಲ್ಲಿ ಭಾರತ ಮತ್ತು ಜಪಾನಿನ ವಿಜ್ಞಾನಿಗಳು ಗಣಿಯಲ್ಲಿ 2.3 ಕಿ.ಮೀ. ಆಳದಲ್ಲಿ 140 ಟನ್ ಕಬ್ಬಿಣದ ಪದರಗಳ ನಡುವೆ ಉಪಕರಣಗಳನ್ನಿಟ್ಟು ಕಾದರು. ಇಷ್ಟು ಕಬ್ಬಿಣದಲ್ಲಿರುವ ಪ್ರೋಟಾನ್‌ಗಳು ಅಸಂಖ್ಯ. ವರ್ಷಕ್ಕೆ ಒಂದೆರಡಾದರೂ ಒಡೆದಾವು ಎಂಬ ನಿರೀಕ್ಷೆ. ಪ್ರೋಟಾನ್ ಒಡೆದಂತೆ ತೋರುವ ಕೆಲವು ಗುರುತುಗಳು ಸಿಕ್ಕಿ ಜಗತ್ತೇ ಕೋಲಾರದತ್ತ ನೋಡಿತು. ಆದರೆ ಬೇರೆ ದೇಶಗಳ ದೊಡ್ಡ ಪ್ರಯೋಗಗಳಲ್ಲಿ ಅದು ದೃಢಪಡಲಿಲ್ಲ. ಜಪಾನಿನ ಸೂಪರ್ ಕಾಮಿಯೊಕಾಂಡೆ 50 ಸಾವಿರ ಟನ್ ನೀರಿನಲ್ಲಿ ಹುಡುಕಿ 2020ರಲ್ಲಿ ಹೇಳಿದ್ದಿಷ್ಟು: ಸಿದ್ಧಾಂತ ಮುಖ್ಯವೆಂದು ಸೂಚಿಸಿದ ಬಗೆಯಲ್ಲಿ ಒಡೆಯುವುದಾದರೆ ಪ್ರೋಟಾನಿನ ಆಯುಸ್ಸು 24ರ ಮುಂದೆ 33 ಸೊನ್ನೆ ಹಾಕಿದಷ್ಟು ವರ್ಷಗಳಿಗಿಂತ ಹೆಚ್ಚು. ಜಾರ್ಜೈ, ಗ್ಲಾಶೊ ಅವರ ಮೂಲ ಸಿದ್ಧಾಂತ ಬಿದ್ದುಹೋಗಿದೆ. ಅದರ ಮುಂದಿನ ಪೀಳಿಗೆಯ ಸಿದ್ಧಾಂತಗಳು ಇನ್ನೂ ಉಸಿರಾಡುತ್ತಿವೆ.

ಏತದ ಎರಡು ತುದಿ

ಉಳಿದದ್ದು ನ್ಯೂಟ್ರಿನೊ. ಇಲ್ಲೂ ಕೋಲಾರದ ಹೆಸರಿದೆ. ಆಳಕ್ಕೆ ಇಳಿದಂತೆ ಮ್ಯೂಆನ್‌ಗಳ ಗದ್ದಲ ಅಡಗುತ್ತದೆ ಎಂಬ ಹಿಂದಿನ ಅಳತೆಗಳು ಇಲ್ಲಿ ನೆರವಿಗೆ ಬಂದವು. 1965ರಲ್ಲಿ ಭಾರತ, ಜಪಾನ್, ಬ್ರಿಟನ್ನಿನ ವಿಜ್ಞಾನಿಗಳ ತಂಡ ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳನ್ನು ಇಲ್ಲಿ ಗುರುತಿಸಿತು. ಮಂಗಳೂರಿನಲ್ಲಿ ಹುಟ್ಟಿದ ಎಂ.ಜಿ.ಕೆ. ಮೆನನ್ ಅದರ ಮುಂದಾಳುಗಳಲ್ಲೊಬ್ಬರು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯಲ್ಲೂ ಇಂಥದೇ ಪ್ರಯೋಗ ಫಲ ನೀಡಿತು.

ಶಿಷ್ಟ ಸಿದ್ಧಾಂತದಲ್ಲಿ ನ್ಯೂಟ್ರಿನೊಗೆ ತೂಕವೇ ಇಲ್ಲ. ಆದರೆ ಅದೇ ವಾಯುಮಂಡಲದ ನ್ಯೂಟ್ರಿನೊಗಳು ದಾರಿಯಲ್ಲಿ ಜಾತಿ ಬದಲಿಸುತ್ತವೆ ಎಂದು 1998ರಲ್ಲಿ ಸೂಪರ್ ಕಾಮಿಯೊಕಾಂಡೆ ತೋರಿಸಿತು. ತೂಕವಿಲ್ಲದಿದ್ದರೆ ಹೀಗಾಗದು. 2015ರ ನೊಬೆಲ್ ಬಹುಮಾನ ಈ ಶೋಧಕ್ಕೆ ಸಂದಿತು. ಶಿಷ್ಟ ಸಿದ್ಧಾಂತದ ಆಚೆಗೆ ಏನೋ ಇದೆ ಎಂಬುದಕ್ಕೆ ಪ್ರಯೋಗಾಲಯದಿಂದ ಬಂದ ಗಟ್ಟಿ ಸಾಕ್ಷಿ ಇದು.

ತೂಕವಿದೆ ಸರಿ, ಅಷ್ಟು ಕಡಿಮೆ ಏಕೆ? ಹಿಂದೆ ನಮ್ಮ ಬಾವಿಗಳ ಮೇಲಿದ್ದ ಏತವನ್ನು ಹಿರಿಯರು ಬಲ್ಲರು. ಒಂದು ತುದಿ ಇಳಿದಷ್ಟೂ ಇನ್ನೊಂದು ತುದಿ ಏರುತ್ತದೆ. ಕಾಣುವ ನ್ಯೂಟ್ರಿನೊಗೆ ಕಾಣದ, ಬಲು ಭಾರದ ಜೊತೆಗಾರನೊಂದಿದೆ. ಅದು ಭಾರವಾದಷ್ಟೂ ಇದು ಹಗುರ ಎಂಬ ಕಲ್ಪನೆಯನ್ನು 1977ರಿಂದ 1980ರ ನಡುವೆ ಹಲವರು ಬೇರೆ ಬೇರೆಯಾಗಿ ಮಂಡಿಸಿದರು. ಒಡಿಶಾದಿಂದ ಹೋದ ರಬೀಂದ್ರ ಮಹಾಪಾತ್ರ ಅವರಲ್ಲೊಬ್ಬರು. ಲೆಕ್ಕ ಹಾಕಿದರೆ ಆ ಜೊತೆಗಾರ ಪ್ರೋಟಾನಿಗಿಂತ ಕೋಟಿ ಕೋಟಿ ಪಟ್ಟು ಭಾರ. ಯಾವ ಯಂತ್ರದಲ್ಲೂ ಅದನ್ನು ಸೃಷ್ಟಿಸಲಾಗದು. ಇರುವ ನ್ಯೂಟ್ರಿನೊಗಳನ್ನೇ ನಿಖರವಾಗಿ ಅಳೆದು ಅದರ ನೆರಳನ್ನು ಹಿಡಿಯಬೇಕು. ಚೀನಾದಲ್ಲಿ 2025ರ ಆಗಸ್ಟಿನಲ್ಲಿ ಕೆಲಸ ಆರಂಭಿಸಿದ ಜೂನೊ ಪ್ರಯೋಗ, ಮೂರು ನ್ಯೂಟ್ರಿನೊಗಳಲ್ಲಿ ಯಾವುದು ಹಗುರ, ಯಾವುದು ಭಾರ ಎಂಬ ಕ್ರಮವನ್ನು ಕಂಡುಹಿಡಿಯುವ ಗುರಿ ಹೊಂದಿದೆ.

ಇದನ್ನು ಓದಿ ಏನು ಮಾಡುವುದು?

ಪಿಯುಸಿ ಓದುವ ಮಗ ಅಥವಾ ಮಗಳು 'ನಾನು ಭೌತವಿಜ್ಞಾನ ಓದುತ್ತೇನೆ' ಎಂದಾಗ ತಂದೆತಾಯಂದಿರ ಎದೆ ಒಮ್ಮೆ ಝಲ್ಲೆನ್ನುವುದು ಸಹಜ. ಇದರಿಂದ ಏನು ಸಿಗುತ್ತದೆ ಎಂಬ ಪ್ರಶ್ನೆ ತಪ್ಪಲ್ಲ. ಫರ್ಮಿಯಾನ್ ತೂಕದ ರಹಸ್ಯ ಬಯಲಾದರೆ ಹೊಸ ಯಂತ್ರ ಬರುತ್ತದೆ ಎಂದು ಯಾರೂ ಭರವಸೆ ಕೊಡಲಾರರು. ಆದರೆ ಸರ್ನ್‌ನ ವಿಜ್ಞಾನಿಗಳು ಮಾಹಿತಿ ಹಂಚಿಕೊಳ್ಳಲೆಂದು 1989ರಲ್ಲಿ ಟಿಮ್ ಬರ್ನರ್ಸ್ ಲೀ ಯೋಜಿಸಿದ ವ್ಯವಸ್ಥೆಯೇ ಇಂದಿನ ವರ್ಲ್ಡ್ ವೈಡ್ ವೆಬ್. ಯಾರೂ ಆರ್ಡರ್ ಮಾಡದ ಮ್ಯೂಆನ್‌ಗಳನ್ನೇ ಎಕ್ಸ್‌ರೇಯಂತೆ ಬಳಸಿ, 2017ರಲ್ಲಿ ಈಜಿಪ್ಟಿನ ಮಹಾ ಪಿರಮಿಡ್ಡಿನೊಳಗೆ ಅಡಗಿದ್ದ ದೊಡ್ಡ ಟೊಳ್ಳು ಜಾಗವನ್ನು ಪತ್ತೆ ಮಾಡಿದರು.

ಸೋಲುಗಳನ್ನೂ ಮುಚ್ಚಿಡಬಾರದು. ಪ್ರತಿ ಫರ್ಮಿಯಾನಿಗೂ ಒಂದು ಬೋಸಾನ್ ಜೋಡಿ ಇದೆ ಎನ್ನುವ ಸೂಪರ್ ಸಿಮೆಟ್ರಿ ಸಿದ್ಧಾಂತವನ್ನು ಒಂದು ಇಡೀ ತಲೆಮಾರು ನಂಬಿತ್ತು. ಸರ್ನ್‌ನ ಯಂತ್ರದಲ್ಲಿ ಅಂಥ ಒಂದು ಕಣವೂ ಈವರೆಗೆ ಸಿಕ್ಕಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ರೋಹಿಣಿ ಗೋಡ್ಬೋಲೆ ಇಂಥ ಕಣಗಳನ್ನು ಹೇಗೆ ಗುರುತಿಸಬೇಕೆಂದು ಸಹೋದ್ಯೋಗಿಗಳೊಡನೆ ಸೇರಿ ಗ್ರಂಥವನ್ನೇ ಬರೆದವರು. ಭಾರತದ ಮಹಿಳಾ ವಿಜ್ಞಾನಿಗಳ ಜೀವನಕಥನಗಳ ಸಂಗ್ರಹವನ್ನು ಸಂಪಾದಿಸಿ ಹೆಣ್ಣುಮಕ್ಕಳನ್ನು ಈ ದಾರಿಗೆ ಕರೆದವರು. 2019ರಲ್ಲಿ ಪದ್ಮಶ್ರೀ ಪಡೆದ ಅವರು 2024ರಲ್ಲಿ ತೀರಿಕೊಂಡರು. ಹುಡುಕಿದ್ದು ಸಿಗದಿದ್ದರೂ ಹುಡುಕುವ ಕ್ರಮವನ್ನು ಅವರು ಕಲಿಸಿಹೋದರು.

ಆಸಕ್ತಿ ಇರುವವರು ದೂರ ಹೋಗಬೇಕಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉನ್ನತ ಶಕ್ತಿ ಭೌತವಿಜ್ಞಾನಕ್ಕೆಂದೇ ಒಂದು ಕೇಂದ್ರವಿದೆ. ಹೆಸರಘಟ್ಟದ ಬಳಿ ಸೈದ್ಧಾಂತಿಕ ವಿಜ್ಞಾನಗಳ ಅಂತಾರಾಷ್ಟ್ರೀಯ ಕೇಂದ್ರವಿದೆ. ಬೇಕಾದದ್ದು ಗಣಿತದಲ್ಲಿ ಗಟ್ಟಿ ತಳಹದಿ, ಮತ್ತು ಉತ್ತರ ಬೇಗ ಬಾರದಿದ್ದರೆ ಬೇಸರಪಡದ ಸ್ವಭಾವ.

ಶ್ರೀಕಂಠನ್ ಅವರು ಇಳಿದ ಆ ಗಣಿಯಲ್ಲಿ 1990ರ ದಶಕದ ಆರಂಭಕ್ಕೆ ಪ್ರಯೋಗಗಳು ನಿಂತವು. 2001ರಲ್ಲಿ ಗಣಿಯೂ ಮುಚ್ಚಿತು. ಆದರೆ ಮ್ಯೂಆನ್‌ಗಳ ಮಳೆ ನಿಂತಿಲ್ಲ. ನೀವು ಈ ಲೇಖನ ಓದಿ ಮುಗಿಸುವಷ್ಟರಲ್ಲಿ ನೂರಾರು ಮ್ಯೂಆನ್‌ಗಳು ನಿಮ್ಮ ಕೈಯನ್ನು ಹಾದುಹೋಗಿವೆ. ಪ್ರತಿಯೊಂದೂ ಎಲೆಕ್ಟ್ರಾನಿಗಿಂತ 207 ಪಟ್ಟು ಭಾರ. ಇನ್ನೂರಾ ಏಳೇ ಏಕೆ? ಈ ಪ್ರಶ್ನೆಯನ್ನು ನಿಮ್ಮ ಮಕ್ಕಳು ಕೇಳಿದರೆ, ದಯವಿಟ್ಟು ಸುಮ್ಮನಿರಿಸಬೇಡಿ.

ನೀವೇ ಲೆಕ್ಕ ಮಾಡಿ ನೋಡಿ

ಒಂದು ಕ್ಯಾಲ್ಕ್ಯುಲೇಟರ್ ಸಾಕು. ತೂಕಗಳು ಮೆಗಾ ಎಲೆಕ್ಟ್ರಾನ್ ವೋಲ್ಟ್ ಎಂಬ ಮಾನದಲ್ಲಿವೆ.

ಎಲೆಕ್ಟ್ರಾನ್ 0.511, ವರ್ಗಮೂಲ 0.715
ಮ್ಯೂಆನ್ 105.66, ವರ್ಗಮೂಲ 10.279
ಟೌ 1776.9, ವರ್ಗಮೂಲ 42.153

ತೂಕಗಳ ಮೊತ್ತ 1883.07. ವರ್ಗಮೂಲಗಳ ಮೊತ್ತ 53.147, ಅದರ ವರ್ಗ 2824.6. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. 0.6667 ಬಂತೇ? ಅದು ಮೂರನೇ ಎರಡು. ಏಕೆ ಎಂದು ಹೇಳಬಲ್ಲವರು ಈವರೆಗೆ ಯಾರೂ ಇಲ್ಲ.